ಮಾಲ್ಜಾಳ ಪಟ್ಟಿಯಲ್ಲಿ ನಲವತ್ತೊಂದು ಗಂಡಸರು

ಬ್ಯೊನ್ ಮಾಲ್ಜಾ ಅವಳಪ್ಪನಿಗೆ ಐದನೆಯ ಹೆಣ್ಣುಮಗು. ಸಾಕಪ್ಪಾ ಹೆಣ್ಣು, ಇದೇ ಕೊನೆಯದಾಗಲಿ ಅಂತ ಆತ ‘ಕೊನೆಯವಳು’ ಅನ್ನುವ ಅರ್ಥದ ಆ ಹೆಸರಿಟ್ಟ. ಅವಳ ಬೆನ್ನಿಗೆ ಇನ್ನೆರಡು ಹೆಣ್ಣು ಹುಟ್ಟಿದವು. "ನಾನು ಹುಟ್ಟಿದ ದಿನಾನೇ ನನ್ ಹೆಸರಲ್ಲಿ ತಪ್ಪು ಮಾಹಿತಿ ಬರೆಸಿದ್ರು ಅಮ್ಮಾ" ಎಂದು ಅವಳೇ ನಗುತ್ತಾಳೆ.

ಅವಳಿಗೀಗ ಅರವತ್ತೊಂದು. ಹದಿನೆಂಟು ವರ್ಷದಿಂದ ನಮ್ಮ ಯೊಂಗ್‌ದೊ ದ್ವೀಪದಲ್ಲಿ ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ಬದಲಾಯಿಸುತ್ತಾಳೆ. ಯಂತ್ರ ಕಂಪನಿಯದು, ಬಾಡಿಗೆ ನಮ್ಮದು, ಮೆಟ್ಟಿಲು ಹತ್ತುವ ಮೊಣಕಾಲು ಮಾತ್ರ ಮಾಲ್ಜಾಳದು. ಇನ್ನೂರ ಹನ್ನೆರಡು ಮನೆ ಅವಳ ಪಾಲಿಗೆ. ಹಡಗು ರಿಪೇರಿಯ ಕಟ್ಟೆಯಿಂದ ನಮ್ಮ ಮನೆಗೆ ನೂರಿಪ್ಪತ್ತಾರು ಮೆಟ್ಟಿಲು. ಮೂವತ್ತು ವರ್ಷ ಅದೇ ಕಟ್ಟೆಯಲ್ಲಿ ಸುತ್ತಿಗೆ ಹಿಡಿದು ಹಡಗಿನ ತುಕ್ಕು ಬಡಿದವಳು ನಾನು. ಕಿವಿ ಅಲ್ಲೇ ಬಿಟ್ಟುಬಂದೆ. ಹಾಗಾಗಿ ಮಾಲ್ಜಾ ನನ್ನ ಹತ್ತಿರ ಕೂಗಿ ಮಾತಾಡುತ್ತಾಳೆ, ನಮ್ಮ ಗುಟ್ಟೆಲ್ಲ ಕೆಳಗಿನ ಓಣಿಗೂ ಗೊತ್ತು.

ನಮ್ಮ ಬೆಟ್ಟದಲ್ಲಿ ಗಂಡಸರು ಬೇಗ ಹೋಗುತ್ತಾರೆ. ಯಂತ್ರ ತಂದಾಗ ಒಪ್ಪಂದ ಗಂಡನ ಹೆಸರಿಗೆ ಆಗಿರುತ್ತದೆ. ಅವನು ಸತ್ತಮೇಲೆ ಹೆಸರು ಬದಲಿಸಬೇಕಾದರೆ ಮರಣಪತ್ರ ತಾ, ಕುಟುಂಬಪತ್ರ ತಾ, ಬ್ಯಾಂಕಿಗೆ ಹೋಗು. ಯಾರಿಗೆ ಬೇಕು? ಫೋನ್ ನಂಬರ್ ನಮ್ಮದು ಕೊಟ್ಟು ಹೆಸರು ಹಾಗೇ ಬಿಟ್ಟೆವು. ನನ್ನ ಯಜಮಾನರು ಓಕ್ ಪಾನ್ಸು ಸತ್ತು ಹನ್ನೊಂದು ವರ್ಷವಾದರೂ ಕಂಪನಿಯ ಪಟ್ಟಿಯಲ್ಲಿ ಕಲ್ಲುಗುಂಡಿನ ಹಾಗಿದ್ದರು. ಅಂಥವರು ಮಾಲ್ಜಾಳ ಪಾಲಿನಲ್ಲಿ ನಲವತ್ತೊಂದು ಮಂದಿ.

ತಿಥಿಯ ದಿನ ಯಾರ ಮನೆಗೂ ಫಿಲ್ಟರ್ ಕೆಲಸಕ್ಕೆ ಹೋಗಬಾರದು. ಒಂದು ಗಂಟೆ ನೀರು ನಿಲ್ಲಿಸಬೇಕಾಗುತ್ತದೆ. ಒಲೆ ಮೇಲೆ ಮೀನು, ಮಣೆ ಮೇಲೆ ಮೂಲಂಗಿ, ಎಡೆಗೆ ಅನ್ನ ಆಗಬೇಕು, ಆಗ ಬಂದು ಯಂತ್ರ ಬಿಚ್ಚಿದವಳಿಗೆ ಏನು ಸಿಗುತ್ತದೆಂದು ಮಾಲ್ಜಾ ಮೊದಲ ವರ್ಷವೇ ಒಬ್ಬ ಮುದುಕಿಯ ಸೌಟಿನಿಂದ ಕಲಿತಳು. ಅಂದಿನಿಂದ ತಿಥಿಯ ಹಿಂದಿನ ದಿನ ಬಂದು ಹೊಸ ಫಿಲ್ಟರ್ ಹಾಕುತ್ತಾಳೆ. ಆದರೆ ಅದನ್ನು ಬರೆದಿಡುವುದೆಲ್ಲಿ? ಕಂಪನಿಯವರು ಅವಳ ಫೋನಿಗೆ ಹಾಕಿಕೊಟ್ಟ ಗ್ರಾಹಕರ ಪಟ್ಟಿಯಲ್ಲಿ ಹೆಸರು ಬರೆಯಲು ಒಂದು ಚೌಕದ ಮನೆ, ವಿಳಾಸಕ್ಕೊಂದು ಮನೆ, ಮೆಚ್ಚಿನ ಬಣ್ಣಕ್ಕೂ ಒಂದು ಮನೆ. ತಿಥಿಗೆ ಇಲ್ಲ. ಮೂರು ದಿನ ಮೊದಲು ಗಂಟೆ ಹೊಡೆದು ನೆನಪಿಸುವುದು ಹುಟ್ಟುಹಬ್ಬದ ಮನೆ ಒಂದೇ.

ಗಂಡಸರು ಸತ್ತ ದಿನವನ್ನು ಮಾಲ್ಜಾ ಹುಟ್ಟುಹಬ್ಬದ ಮನೆಯಲ್ಲಿ ಬರೆದಳು.

ನಮ್ಮ ತಿಥಿ ಚಂದ್ರನ ಲೆಕ್ಕದ್ದು, ವರ್ಷ ವರ್ಷ ತಾರೀಕು ಬೇರೆ. ಪ್ರತಿ ಹೊಸ ವರ್ಷಕ್ಕೆ ಅವಳು ಮೀನುಗಾರರ ಸಂಘದ ಕ್ಯಾಲೆಂಡರ್ ಹರಡಿಕೊಂಡು ನಲವತ್ತೊಂದು ತಾರೀಕು ತಿದ್ದುತ್ತಿದ್ದಳು. ಪ್ರತಿ ವರ್ಷ ಬೇರೆ ದಿನ ಹುಟ್ಟುವ ನಲವತ್ತೊಂದು ಗಂಡಸರು ಆ ಪಟ್ಟಿಯಲ್ಲಿದ್ದರು. ಸಿಯೋಲ್‌ನ ಮುಖ್ಯ ಕಚೇರಿಯಲ್ಲಿ ಕೂತ ಓದಿದವರಲ್ಲಿ ಒಬ್ಬರ ಕಣ್ಣಿಗೂ ಅದು ಬೀಳಲಿಲ್ಲ.

ಕಳೆದ ವಸಂತದಲ್ಲಿ ಕಂಪನಿ ಆ ಪಟ್ಟಿಗೆ ಎಐ ಏಜೆಂಟ್ ಒಂದನ್ನು ಜೋಡಿಸಿತು. ಜೋಡಿಸಿದ ದಿನ ಶಾಖೆಯಲ್ಲಿ ರಿಬ್ಬನ್ ಕತ್ತರಿಸಿ, ಅಕ್ಕಿ ಕಡುಬು ಹಂಚಿದರಂತೆ. ಶಾಖೆಯ ಮುಖ್ಯಸ್ಥ ಪ್ಯೋ ಸಾಂಗ್‌ಹ್ಯೊಕ್, ಮೂವತ್ತೆಂಟರ ಹುಡುಗ, ಫಿಲ್ಟರ್ ಹೆಂಗಸರನ್ನೆಲ್ಲ ನಿಲ್ಲಿಸಿ ಭಾಷಣ ಮಾಡಿದ.

"ಇನ್ಮೇಲೆ ಗ್ರಾಹಕರ ಮನಸ್ಸನ್ನ ಇದೇ ಓದತ್ತೆ. ನೀವು ಬರೀ ಫಿಲ್ಟರ್ ಹಾಕಿ ಬಂದ್ರೆ ಸಾಕು."

"ಹದಿನೆಂಟು ವರ್ಷ ಮನಸ್ಸು ಓದಿದ್ದಕ್ಕೆ ನಂಗೆ ಸಂಬಳಾನೇ ಕೊಟ್ಟಿರ್ಲಿಲ್ಲ" ಎಂದಳಂತೆ ಮಾಲ್ಜಾ ಪಕ್ಕದವಳಿಗೆ. ಅದು ಅವನಿಗೂ ಕೇಳಿಸಿತು.

ಯಜಮಾನರ ತಿಥಿಗೆ ಮೂರು ದಿನವಿದ್ದಾಗ ನನ್ನ ಫೋನು ಕಿಣಿ ಅಂದಿತು. ನಾನು ಮೂರನೆಯ ತರಗತಿಗೇ ಬಿಟ್ಟವಳು, ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಚಹಾ ಆರಿತ್ತು. ‘ಪ್ರೀತಿಯ ಓಕ್ ಪಾನ್ಸು ಅವರೇ, ನಿಮ್ಮ ಹುಟ್ಟುಹಬ್ಬ ಹತ್ತಿರ ಬಂತು. ವರ್ಷದಿಂದ ವರ್ಷಕ್ಕೆ ಯುವಕರಾಗುತ್ತಿದ್ದೀರಿ. ದಿನಕ್ಕೆ ಎಂಟು ಲೋಟ ನೀರು ಕುಡಿದು ನೂರು ವರ್ಷ ಬಾಳಿ’ ಎಂದಿತ್ತು.

ಆ ಮನುಷ್ಯ ಜೀವಮಾನದಲ್ಲಿ ನೀರು ಕುಡಿದವರಲ್ಲ. ಸೋಜು ಸಾರಾಯಿ ಕುಡಿದರು, ಅದರಿಂದಲೇ ಹೋದರು.

ಫೋನಿನ ಹತ್ತಿರ ಬಾಯಿ ಇಟ್ಟು ಹೇಳಿದೆ: "ಅವ್ರು ಸತ್ತು ಹನ್ನೊಂದು ವರ್ಷ ಆಯ್ತು." ಅದು ಮಾತನ್ನು ಅಕ್ಷರ ಮಾಡಿ ಕಳಿಸಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ: ‘ತಿಳಿಸಿದ್ದಕ್ಕೆ ಧನ್ಯವಾದ ಪಾನ್ಸು ಅವರೇ. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಮೂರು ತಿಂಗಳ ಬಾಡಿಗೆ ಮಾಫಿ.’ ಸತ್ತದ್ದು ಒಂದು ಅನಾನುಕೂಲವೇ ಸರಿ. ಬದುಕಿದ್ದಾಗ ಆ ಮನುಷ್ಯನಿಗೆ ಯಾರೂ ಮೂರು ಕಾಸು ಬಿಟ್ಟುಕೊಟ್ಟಿರಲಿಲ್ಲ.

ವಿಚಾರಿಸಿದರೆ ಆ ತಿಂಗಳಲ್ಲಿ ಇನ್ನೂ ಮೂವರು ವಿಧವೆಯರಿಗೆ ಹೀಗೇ ಬಂದಿತ್ತು. ಒಬ್ಬಳು ಅತ್ತಳು. ಒಬ್ಬಳು ಅದನ್ನು ಓಣಿಗೆಲ್ಲ ತೋರಿಸಿಕೊಂಡು ಬಂದಳು. ಮೂರನೆಯವಳ ಮಗ ವಕೀಲರ ಕಚೇರಿಯಲ್ಲಿ ಕೆಲಸದವನು, ಹಿಂದಿನ ವಾರವೇ ಸಿಯೋಲ್‌ಗೆ ದೂರು ಬರೆದಿದ್ದ.

ದೂರು ಮೇಲಿಂದ ಉರುಳಿಕೊಂಡು ಪ್ಯೋನ ತಲೆ ಮೇಲೆ ಬಿತ್ತು. ಅವನು ಅದನ್ನು ಮಾಲ್ಜಾಳ ತಲೆಗೆ ದಾಟಿಸಿದ. ಅವಳದು ವರ್ಷ ವರ್ಷದ ಒಪ್ಪಂದ, ತಿಂಗಳ ಕೊನೆಗೆ ಮುಗಿಯುತ್ತಿತ್ತು. ಪಟ್ಟಿ ಕೆಡಿಸಿದವಳೆಂದು ಸಾಬೀತಾದರೆ ಮುಂದುವರಿಸುವುದಿಲ್ಲವೆಂದ. ಸಾಬೀತು ಮಾಡಲು ಗ್ರಾಹಕರ ಸಹಿ ಬೇಕಿತ್ತು. ಅದಕ್ಕೆ ನನಗೆ ಫೋನ್ ಮಾಡಿದ.

"ಅಮ್ಮಾ, ತಮಗೆ ಯಾವಾಗ ಬಿಡುವು?"

"ಗುರುವಾರ ಮೂರು ಗಂಟೆಗೆ ಬಾಪ್ಪ. ಅವ್ರ ಹುಟ್ಟುಹಬ್ಬ ಅಲ್ವಾ" ಎಂದೆ. ಮಾಲ್ಜಾಳಿಗೂ ಬರಹೇಳಿದೆ.

ನೂರಿಪ್ಪತ್ತಾರು ಮೆಟ್ಟಿಲು ಹತ್ತಿ ಬೆವರು ಒರೆಸಿಕೊಳ್ಳುತ್ತ ಬಂದ. ತಿಥಿಯ ಮನೆಯೆಂದು ಬರಿಗೈಲಿ ಬರಲಿಲ್ಲ ಪಾಪ, ಒಂದು ಪೆಟ್ಟಿಗೆ ತಂದಿದ್ದ. ತೆರೆದರೆ ಕೆಂಪು ಹುರುಳಿ ಮೆತ್ತಿದ ಕಡುಬು. ಎಡೆಯ ಮೇಜಿನ ಹತ್ತಿರ ಮೂಲಂಗಿ ಸಾರು ಇಡುತ್ತಿದ್ದ ಮಾಲ್ಜಾ ಅಲ್ಲೇ ನಿಂತಳು.

"ಸಾಹೇಬ್ರೇ, ಕೆಂಪು ಹುರುಳಿ ಕಂಡ್ರೆ ಸತ್ತೋರು ಬಾಗ್ಲಿಂದಾನೇ ಓಡ್ತಾರೆ. ವರ್ಷಕ್ಕೊಂದ್ಸಲ ಬರೋ ಮನುಷ್ಯನ್ನ ಅಟ್ಟೋಕೆ ಬಂದ್ರಾ?"

"ನಂಗೆ ಗೊತ್ತಿರ್ಲಿಲ್ಲ. ಏಜೆಂಟನ್ನ ಕೇಳ್ದೆ, ಹಿರಿಯರ ಮನೆಗೆ ಇದು ಶುಭ ಅಂತು."

"ಶುಭಾನೇ. ನಿಮ್ ಏಜೆಂಟ್ ಲೆಕ್ಕದಲ್ಲಿ ಅವ್ರು ಬದುಕಿದಾರಲ್ಲ" ಎಂದೆ ನಾನು.

ಪೆಟ್ಟಿಗೆಯನ್ನು ಹೊರಗೆ ಚಪ್ಪಲಿಗಳ ಪಕ್ಕ ಇಡಿಸಿ, ಮೊದಲು ಯಜಮಾನರ ಪಟದ ಮುಂದೆ ಅಡ್ಡಬೀಳು ಎಂದೆ. ಒಂದು ಸಲ ಬಿದ್ದು ಎದ್ದು ನಿಂತ. "ಒಂದು ಬದುಕಿರೋರಿಗೆ. ಸತ್ತೋರಿಗೆ ಎರಡು" ಎಂದಳು ಮಾಲ್ಜಾ. ಮತ್ತೊಂದು ಸಲ ಬಿದ್ದ. ಆಮೇಲೆ ಕೋಟಿನ ಒಳಗಿಂದ ಕಾಗದ ತೆಗೆದ. ‘ನನ್ನ ಅರಿವಿಗೆ ಬಾರದಂತೆ ನೌಕರಳು ತಪ್ಪು ಮಾಹಿತಿ ದಾಖಲಿಸಿದ್ದಾಳೆ’ ಎಂದು ಅದರಲ್ಲಿತ್ತು. ಮಾಲ್ಜಾ ನನ್ನ ಮುಖ ನೋಡಲಿಲ್ಲ, ಬೇರಿಕಾಯಿ ಸುಲಿಯುತ್ತ ಕೂತಳು. ಸಿಪ್ಪೆ ದಪ್ಪ ದಪ್ಪಗೆ ಬೀಳುತ್ತಿತ್ತು.

"ಅರಿವಿಗೆ ಬಾರದಂತೆ ಅನ್ನೋದು ಸುಳ್ಳು. ದಿನ ಹೇಳ್ದೋಳು ನಾನು, ಬರೆದೋಳು ಅವ್ಳು. ಬೇಕಾದ್ರೆ ಹಂಗೆ ಬರ್ಕೊಡ್ತೀನಿ. ನಲವತ್ತೊಂದು ಮನೇರೂ ಬರ್ಕೊಡ್ತಾರೆ" ಎಂದೆ.

"ಅಮ್ಮಾ, ಇದು ದತ್ತಾಂಶದ ಶುದ್ಧತೆಯ ಪ್ರಶ್ನೆ..."

"ನೀರು ಶುದ್ಧ ಮಾಡೋ ಕಂಪನಿ, ಅದೂ ನಿಮ್ದೇ ಕೆಲ್ಸ."

ನಾನು ಬರೆದುಕೊಟ್ಟೆ. ವಕ್ರ ಅಕ್ಷರ, ಆದರೂ ಸಹಿಯ ಜಾಗದಲ್ಲಿ ನನ್ನದೇ ಹೆಸರಿನ ಮುದ್ರೆ ಒತ್ತಿದೆ. ಮುಂದಿನ ವಾರದೊಳಗೆ ನನ್ನದೂ ಸೇರಿ ಅಂಥ ಮೂವತ್ತಾರು ಕಾಗದ ಶಾಖೆಯ ಮೇಜಿಗೆ ಬಂದವು. ಉಳಿದ ಐವರಿಗೆ ಬರೆಯಲು ಬರುತ್ತಿರಲಿಲ್ಲ, ಅವರು ತಾವೇ ಹೋಗಿ ಶಾಖೆಯಲ್ಲಿ ಕೂತರು. ಕೂತದ್ದು ಸಂಜೆಯವರೆಗೆ, ಊಟ ಕಟ್ಟಿಕೊಂಡು.

ಸಿಯೋಲ್ ಮಣಿಯಿತು, ಆದರೆ ತನ್ನ ರೀತಿಯಲ್ಲಿ. ತಪ್ಪು ನಮ್ಮದೆಂದು ಹೇಳಲಿಲ್ಲ, ಪಟ್ಟಿಗೆ ‘ನಿಧನದ ದಿನ’ ಎಂಬ ಹೊಸ ಮನೆ ಸೇರಿಸಿ ಅದನ್ನು ಹೊಸ ಸೇವೆ ಎಂದು ಕರೆಯಿತು. ಮಾಲ್ಜಾಳ ಒಪ್ಪಂದ ಮುಂದುವರಿಯಬೇಕಾದರೆ ತಿಂಗಳ ಕೊನೆಯೊಳಗೆ ಇನ್ನೂರ ಹನ್ನೆರಡು ಮನೆಗೂ ಅದನ್ನು ತುಂಬಬೇಕು. ಒಂದು ಖಾಲಿ ಉಳಿದರೂ ಏಜೆಂಟ್ ಇಡೀ ಪಟ್ಟಿಯನ್ನೇ ಒಪ್ಪುವುದಿಲ್ಲ.

ಕೊನೆಯ ದಿನ ಶಾಖೆಯಲ್ಲಿ ಏನಾಯಿತೆಂದು ಮಾಲ್ಜಾ ನಮ್ಮ ಅಡುಗೆಮನೆಯಲ್ಲಿ ನಿಂತು ಕೂಗಿ ಹೇಳಿದಳು. ನಲವತ್ತೊಂದು ತಾರೀಕು ಹೊಸ ಮನೆಗೆ ಸಾಗಿಸಿ ಅವಳು ಕೈಕಟ್ಟಿ ಕೂತಿದ್ದಾಳೆ. ಪ್ಯೋ ಗಡಿಯಾರ ನೋಡುತ್ತಿದ್ದಾನೆ.

"ಮಾಲ್ಜಾ ಅವ್ರೇ, ಇನ್ನೂ ನೂರ ಎಪ್ಪತ್ತೊಂದು ಖಾಲಿ ಇದೆ."

"ಆ ಮನೆಗಳಲ್ಲಿ ಯಾರೂ ಸತ್ತಿಲ್ಲ ಸಾಹೇಬ್ರೇ."

"ಗೊತ್ತು. ಖಾಲಿ ಬಿಟ್ರೆ ಏಜೆಂಟ್ ಒಪ್ಪಲ್ಲ. ಯಾವ್ದಾದ್ರೂ ಒಂದು ತಾರೀಕು ಹಾಕಿ, ಆಮೇಲೆ ನೋಡ್ಕೊಳ್ಳೋಣ."

ಮಾಲ್ಜಾ ಕನ್ನಡಕ ಮೂಗಿಗೆ ಏರಿಸಿ ಫೋನಿನ ಮೇಲೆ ಬೆರಳಾಡಿಸಿದಳು. ಅವನ ತಾಯಿಯ ಮನೆಯೂ ಅವಳ ಪಾಲಿನದೇ, ದೀಪಸ್ತಂಭದ ರಸ್ತೆಯಲ್ಲಿ.

"ಸರಿ. ಎಂಬತ್ತೆಂಟನೇ ಮನೆ, ನಿಮ್ಮ ತಾಯಿಯೋರದ್ದು. ಯಾವ ತಾರೀಕು ಹಾಕ್ಲಿ, ಹೇಳಿ."

ಅವನು ಎದ್ದನಂತೆ. ಹೊರಗೆ ಹೋಗಿ ಸಿಯೋಲ್‌ಗೆ ಫೋನ್ ಮಾಡಿದ. ಗಾಜಿನ ಆಚೆ ಅವನು ಕೈ ಬೀಸಿ ಜಗಳಾಡುವುದು ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಅರ್ಧ ಗಂಟೆಯ ಮೇಲೆ ಒಳಗೆ ಬಂದು, ಇನ್ನು ಖಾಲಿ ಬಿಡಬಹುದೆಂದ. ಒಪ್ಪಂದದ ಕಾಗದವನ್ನು ಅವಳ ಕಡೆ ತಳ್ಳಿ ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದುಕೊಟ್ಟ.

ಮಾಲ್ಜಾ ಒಂದು ವರ್ಷಕ್ಕೆ ಸಹಿ ಹಾಕಿದಳು. ಮರುದಿನ ಬೆಳಿಗ್ಗೆ ಎಂಬತ್ತೆಂಟನೆಯ ಮನೆಯ ಸರದಿಯಿತ್ತು, ಚೀಲ ಹೊತ್ತು ಹೊರಟಳು.