ಹಿಂದಕ್ಕೆ ಹೋಗುವ ಸೌಲಭ್ಯ ಬೇಡ

ಮೊದಲೇ ಹೇಳಿಬಿಡುತ್ತೇನೆ, ನನಗೆ ವಿಡಿಯೊ ಗೇಮ್ ಗೊತ್ತಿಲ್ಲ. ಬ್ಯಾಂಕಿನ ಕೆಲಸದ ಮೇಲೆ ನಾಸಿಕ್‌ನಿಂದ ಜಳಗಾಂವ್‌ಗೆ ರೈಲಿನಲ್ಲಿ ಹೊರಟಿದ್ದೆ. ಎದುರು ಕೂತಿದ್ದ ಧಾರವಾಡದ ಎಂಜಿನಿಯರ್ ನಾಸಿಕ್‌ನದೇ ಅಂಬಡ್ ಬಡಾವಣೆಯ ಕಾರ್ಖಾನೆಯೊಂದರಲ್ಲಿದ್ದ. ಮನ್ಮಾಡ್‌ನಲ್ಲಿ ಗಾಡಿ ಬದಲಿಸಿ ಸಂಭಾಜಿನಗರಕ್ಕೆ ಹೆಣ್ಣು ನೋಡಲು ಹೋಗಬೇಕಿತ್ತು.

ಆದರೆ ಆತ ಮಾತಾಡಿದ್ದು ಹೆಣ್ಣಿನ ಬಗ್ಗೆ ಅಲ್ಲ. ಕತ್ತಿ, ಮಾಟಗಾರರು, ಡ್ರ್ಯಾಗನ್ ಇರುವ ಒಂದು ಗೇಮ್‌ನ ಬಗ್ಗೆ. ಅದರ ಮುಂದಿನ ಭಾಗ ಹೇಗಿರಬೇಕೆಂದು ಅಭಿಮಾನಿಗಳೆಲ್ಲ ಸೇರಿ ಕಂಪನಿಗೆ ಮನವಿ ಕೊಡುವವರಿದ್ದರಂತೆ. ಬರೆಯುವ ಹೊಣೆ ಈತನದು.

"ಮುಖ್ಯ ಬೇಡಿಕೆ ಏನ್ರಿ?" ಎಂದೆ.

"ಸೇವ್ ತೆಗೀಬೇಕ್ರಿ ಸರ್." ಸೇವ್ ಎಂದರೆ, ಆಟದಲ್ಲಿ ಎಡವಿದರೆ ಹಿಂದಿನ ಜಾಗಕ್ಕೆ ಮರಳುವ ಸೌಲಭ್ಯ. ನನಗೂ ಆತನೇ ವಿವರಿಸಿದ್ದು. "ತಪ್ಪು ಮಾಡಿದ್ರ ಅನುಭವಿಸಬೇಕು. ಹಿಂದಕ್ಕ ಹೋಗೋದು ಹೇಡಿಗಳ ಆಟ. ದಾರಿ ತೋರ್ಸೋ ಬಾಣನೂ ಬ್ಯಾಡ. ಊರ ಮಂದೀನ್ನ ಕೇಳ್ಕೋತ ಹೋಗಬೇಕು."

ಪಕ್ಕದ ಅಜ್ಜಿ ಆತನ ಮೊಣಕೈ ಮುಟ್ಟಿ, "ಬಾಳಾ, ಮನ್ಮಾಡ್ ಆಲಂ," ಎಂದರು. ಮನ್ಮಾಡ್ ಬಂತು ಎಂದು.

"ಹೋ ಆಜಿ, ಏಕ್ ಮಿನಿಟ್," ಎಂದವನೇ ಮೊಬೈಲಿನಲ್ಲಿ ಒಂಬತ್ತನೆಯ ಬೇಡಿಕೆ ಟೈಪ್ ಮಾಡತೊಡಗಿದ.

ಆತ ತಲೆಯೆತ್ತುವಷ್ಟರಲ್ಲಿ ಗಾಡಿ ಪ್ಲಾಟ್‌ಫಾರ್ಮ್ ದಾಟಿತ್ತು.

"ಅಯ್ಯೋ, ಚೈನ್ ಎಳೀಲೇನ್ರಿ ಸರ್? ಹುಡುಗಿ ಅಪ್ಪ ಸಂಭಾಜಿನಗರ ಸ್ಟೇಷನ್ನಿಗೆ ಬಂದು ನಿಂತಿರ್ತಾರ!"

"ಹಿಂದಕ್ಕ ಹೋಗೋದು ಹೇಡಿಗಳ ಆಟ ಅಂದ್ರಲ್ರಿ?" ಎಂದುಬಿಟ್ಟೆ. ಅದು ಕ್ರೂರವಾಯಿತು, ಒಪ್ಪುತ್ತೇನೆ.

ಕೊನೆಗೆ ಫೋನಿನಲ್ಲಿ, "ಇನ್ನೊಂದು ಚಾನ್ಸ್ ಕೊಡ್ರಿ ಮಾವಾರ," ಎಂದು ಬೇಡಿಕೊಂಡ. ಇನ್ನೂ ಹೆಣ್ಣು ಕೊಡದವರು ಪಾಪ, ಸಂಜೆಗೆ ಬನ್ನಿ ಎಂದರು.

ಮುಂದಿನ ಸ್ಟೇಷನ್ನಿನಲ್ಲಿ ಇಳಿಯುವ ಮೊದಲು ಮನವಿಗೆ ಹತ್ತನೆಯದನ್ನೂ ಸೇರಿಸಿದ: ಊರ ಮಂದಿ ಮುಖ್ಯವಾದ ಮಾತನ್ನು ಕನಿಷ್ಠ ಮೂರು ಸಲ ಹೇಳಬೇಕು.