ಮೊದಲು ಒಂದು ಹನಿ

ನನ್ನ ಅಕ್ಕನ ಕೆಲಸ ಪ್ರೋಗ್ರಾಮು ಬರೆಯುವುದಲ್ಲ, ಬೇರೆಯವರು ಬರೆದದ್ದು ಸರಿಯಿದೆ ಎಂದು ರುಜುವಾತು ಮಾಡುವುದು. ಅದೂ ಎಂದೂ ಮುಗಿಯಬಾರದ ಪ್ರೋಗ್ರಾಮುಗಳು. ಆಸ್ಪತ್ರೆಯ ಔಷಧಿ ಪಂಪಿನದು ಅಂಥದ್ದು: ಒಂದು ಹನಿ ಕೊಡುತ್ತದೆ, ಅದೇ ಕೆಲಸಕ್ಕೆ ತನ್ನನ್ನೇ ಮತ್ತೆ ಕರೆದುಕೊಳ್ಳುತ್ತದೆ, ಇನ್ನೊಂದು ಹನಿ ಕೊಡುತ್ತದೆ. ಕೊನೆಯೇ ಇಲ್ಲದ್ದನ್ನು ಕೊನೆತನಕ ಓಡಿಸಿ ನೋಡಲು ಯಾರ ಆಯುಷ್ಯ ಸಾಲುತ್ತದೆ?

ಈ ರುಜುವಾತಿನಲ್ಲಿ ಒಂದು ವಿಚಿತ್ರ ವಿನಾಯಿತಿ ಇದೆ. ಮುಂದಿನ ಹನಿಗಳೆಲ್ಲ ಬಂದೇ ಬರುತ್ತವೆ ಎಂದು ಮೊದಲೇ ನಂಬಿ ಮುಂದುವರಿಯಬಹುದು. ಆದರೆ ಅದಕ್ಕೂ ಮುಂಚೆ ಒಂದು ಹನಿ ಬಂತೆಂದು ತೋರಿಸಿರಬೇಕು. ಇಲ್ಲದಿದ್ದರೆ ಕಂಪ್ಯೂಟರು ಕೆಂಪು ಗೆರೆ ಎಳೆಯುತ್ತದೆ. ಹೊಸಬರೆಲ್ಲ ಎಡವುವುದು ಇಲ್ಲೇ.

"ಕೈಗೆ ಒಂದು ಹನಿ ಕೊಡದೆ ಬರೀ ನಾಳೆ ನಾಳೆ ಅಂತೀರಲ್ರೀ, ನಾಳೆ ಅಂದವನ ಮನೆ ಹಾಳು!" ಎಂದು ಅಕ್ಕ ಅವರನ್ನು ರೇಗಿಸುತ್ತಿದ್ದಳು.

ಭಾವನ ಕಾಯಿಲೆ ಬಲಿತಾಗ ಅದೇ ಪಂಪು ಹಚ್ಚಿದರು. ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು, ಹೆಚ್ಚೆಂದರೆ ಎರಡು ವಾರ ಎಂದರು. ಅದೇ ದಿನ ಪಕ್ಕದ ವಾರ್ಡಿನಲ್ಲಿ ಅಂಥದ್ದೇ ಪಂಪೊಂದು ಸುಮ್ಮನೆ ನಿಂತುಬಿಟ್ಟಿತು. ಪ್ರೋಗ್ರಾಮನ್ನು ತಿದ್ದಿದರು, ಇನ್ನು ನಿಲ್ಲುವುದಿಲ್ಲ ಎಂದು ರುಜುವಾತು ಮಾಡುವುದು ಅಕ್ಕನ ಪಾಲಿಗೆ ಬಂತು. ಆಫೀಸು ಹೊಕ್ಕವಳು ಹೊರಬರಲೇ ಇಲ್ಲ.

ಭಾವನ ಹತ್ತಿರ ಕೂತವಳು ನಾನು. ಅವರು ದಿನಾ ಫೋನಿನಲ್ಲಿ ಅಕ್ಕನನ್ನು ಕೇಳುತ್ತಿದ್ದುದು ಒಂದೇ: "ಇವತ್ತು ಒಂದ್ ಹತ್ತು ನಿಮಿಷ ಬಂದು ಹೋಗ್ತೀಯಾ?"

"ನಾಳೆ ಖಂಡಿತ ಬರ್ತೀನಿ ಕಣ್ರೀ. ನಿಮ್ಮ ಪಂಪಿಗೋಸ್ಕರಾನೇ ಒದ್ದಾಡ್ತಿದೀನಿ."

ಹನ್ನೊಂದು ದಿನ ಹೀಗೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಳಾದ ರುಜುವಾತು! ಭಾವ ಮಾತ್ರ, "ಬೈಬೇಡಮ್ಮ, ಅವಳಿಗೆ ಭಯ," ಎನ್ನುತ್ತಿದ್ದರು.

ಹನ್ನೆರಡನೆಯ ದಿನ ಮಧ್ಯಾಹ್ನ ರುಜುವಾತು ಮುಗಿಯಿತು, ಒಂದೂ ಕೆಂಪು ಗೆರೆಯಿಲ್ಲದೆ. ಅಕ್ಕ ಏದುಸಿರು ಬಿಡುತ್ತ ಓಡಿ ಬಂದಳು. ವಾರ್ಡಿನ ಬಾಗಿಲಲ್ಲಿ ನನ್ನ ಮುಖ ನೋಡಿ ನಿಂತಳು. ಭಾವ ಹೋಗಿ ಅರ್ಧ ಗಂಟೆಯಾಗಿತ್ತು.

ನರ್ಸು ಸಮಾಧಾನಕ್ಕೆಂದು, "ಪಂಪು ಒಂದ್ ಸಲಾನೂ ನಿಲ್ಲಲಿಲ್ಲಮ್ಮ," ಎಂದಳು.

ಅಕ್ಕ ಮಂಚದ ಅಂಚಿನಲ್ಲಿ ಕೂತು ಅವರ ಕೈ ಹಿಡಿದುಕೊಂಡಳು. ಬೈಯಲೆಂದು ಕಾದಿದ್ದ ನಾನು ಅವಳ ಪಕ್ಕದಲ್ಲೇ ಕೂತೆ.

"ಒಂದೇ ಒಂದು ದಿನಾನೂ ಕೊಡ್ಲಿಲ್ಲ ಕಣೇ ನಾನು," ಎಂದಳು. "ಬರೀ ನಾಳೆ ಅಂದೆ."