ಬಿಳಿ ಮಚ್ಚೆ ಮತ್ತು ಹನುಮತ್ತೆ

ಹೊಲದ ಬದುವಿನಲ್ಲಿ ಯಾರೋ ಹಸಿ ಕಡಲೆಕಾಯಿಯನ್ನು ಬಳ್ಳಿಸಮೇತ ಸುಡುತ್ತಿದ್ದರು. ಅಮರಾಪುರದ ಬಸ್ಸಿನ ಕಿಟಕಿಯಿಂದ ಆ ಹೊಗೆ ಒಳಗೆ ಬಂದದ್ದೇ ತಡ, ನಮ್ಮ ಮಣ್ಣಿನ ಮಾಳಿಗೆ ಮನೆ ಕಣ್ಣೆದುರು ನಿಂತಿತು. ನಿಮಗೂ ಹೀಗಾಗಿರುತ್ತದೆ, ಕೆಡವಿ ಎಷ್ಟೋ ವರ್ಷವಾದ ಮನೆಯ ಬಾಗಿಲನ್ನು ಒಂದು ವಾಸನೆ ತೆಗೆದುಬಿಡುತ್ತದೆ. ಗವಾಕ್ಷಿಯಿಂದ ಇಳಿಯುವ ಬಿಸಿಲು, ಹಿತ್ತಲಲ್ಲಿ ಕುರಿಮರಿಗಳ ಕೂಗು, ಅವುಗಳಿಗೆ ಸೊಪ್ಪು ಕಟ್ಟುತ್ತ ನಿಂತ ಹನುಮತ್ತೆ. ಅವಳು ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಕುರಿಗಳನ್ನೂ ನಮ್ಮನ್ನೂ ಒಂದೇ ಸಮ ನೋಡಿಕೊಂಡವಳು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಮೊಣಕೈ ಮೇಲೆ ಬಿಳಿ ಮಚ್ಚೆಯೊಂದು ಕಾಣಿಸಿತು. ಬೇಸಿಗೆ ಕಳೆಯುವುದರೊಳಗೆ ತುಟಿಯಂಚಿಗೂ ಬಂತು. ತೊನ್ನು ಎಂದರು ಊರವರು, ನಾಗರ ಶಾಪ ಎಂದರು. ಅಮ್ಮ ಹೆದರಿ ನನ್ನನ್ನು ಶಾಲೆ ಬಿಡಿಸಿ, ನನ್ನ ಲೋಟವನ್ನು ಬೇರೆ ಇಟ್ಟಳು. ಅವಳಿಗೆ ತೊಟ್ಟಿಲಲ್ಲಿದ್ದ ತಮ್ಮನ ಚಿಂತೆ. ನಾನು ಯಾರ ಮೈಯೂ ತಾಗದಂತೆ ನಡುಮನೆಯ ಕಂಬಕ್ಕೊರಗಿ ಕೂರುತ್ತಿದ್ದೆ.

ಒಂದು ಮಧ್ಯಾಹ್ನ ಹನುಮತ್ತೆ ಬಂದು, ನನ್ನ ಲೋಟದಲ್ಲಿ ಉಳಿದಿದ್ದ ಮಜ್ಜಿಗೆಯನ್ನು ಲೋಟಕ್ಕೆ ತುಟಿ ಹಚ್ಚಿಯೇ ಕುಡಿದಳು.

"ಅಕ್ಕ, ಅಂಟ್ಕೊಂಡ್ರೆ?" ಎಂದಳು ಅಮ್ಮ, ಗಾಬರಿಯಿಂದ.

"ಅಂಟ್ತೈತೆ ಅಂತ ನಿಂಗೆ ಗೊತ್ತೈತೋ, ಇಲ್ಲ ಬರೀ ಭಯವೋ? ಗೊತ್ತಿರೋದು ಬ್ಯಾರೆ, ಭಯ ಬ್ಯಾರೆ ಕಣವ್ವ. ಗೊತ್ತಿರೋರ್ನ ಕೇಳಾನ ನಡಿ."

ಮಡಕಶಿರಾದ ಡಾಕ್ಟರು ನನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಮುಟ್ಟಿದ್ರೆ ಬರಲ್ಲಮ್ಮ. ಔಷಧಿ ಕೊಡ್ತೀನಿ. ಮಚ್ಚೆ ಹೋದ್ರೂ ಹೋಗಬಹುದು, ಉಳಿದ್ರೂ ಉಳೀಬಹುದು." ಮೊದಲ ಮಾತು ಕೇಳಿದ್ದೇ ಅಮ್ಮ ಬೆಂಚಿನ ಮೇಲೆ ಕುಸಿದು, ನನ್ನನ್ನು ಬಾಚಿ ತಬ್ಬಿಕೊಂಡು ಅತ್ತಳು. ನನಗೆ ಕೊನೆಯ ಮಾತೇ ಕಿವಿಯಲ್ಲಿ ಉಳಿಯಿತು.

"ಉಳಿದ್ರೆ, ಅತ್ತೆ?" ಎಂದೆ, ಬಸ್‌ಸ್ಟ್ಯಾಂಡಿನಲ್ಲಿ.

"ಉಳೀತದೆ. ಅದ್ರ ಜತೇಲೇ ಇಸ್ಕೂಲ್ಗೆ ಹೋಗ್ತೀಯ."

"ನನ್ ಪಕ್ಕ ಯಾರೂ ಕೂರಲ್ಲ."

"ಹೋಗಿ ನೋಡ್ಕಂಡ್ ಬಾ. ಮನೇಲಿ ಕುಂತ್ರೆ ಯಂಗ್ ಗೊತ್ತಾಗ್ತದೆ?"

ಹೋದೆ. ನಾನು ಕೂತ ಸಾಲು ಖಾಲಿಯಾಯಿತು. ಪ್ರಾರ್ಥನೆ ಮುಗಿದ ಮೇಲೆ ತಡವಾಗಿ ಬಂದ ಒಬ್ಬ ಹುಡುಗಿ ನನ್ನ ಮುಖವನ್ನು ಒಮ್ಮೆ ನೋಡಿ, ಚೀಲ ಕೆಳಗಿಟ್ಟು ಪಕ್ಕದಲ್ಲೇ ಕೂತಳು. ಸಂಜೆ ಅದನ್ನು ಹೇಳಿದಾಗ ಅತ್ತೆ ಸೊಪ್ಪು ಕಟ್ಟುವುದನ್ನು ನಿಲ್ಲಿಸಿದಳು. "ಅಂಗಾದ್ರೆ ಯಾರೂ ಕೂರಲ್ಲ ಅನ್ನೋದು ಸುಳ್ಳಾಯ್ತಲ್ಲ. ಕೂರದೇ ಇರೋರು ಇರ್ತಾರೆ, ಇರ್ಲಿ ಬಿಡು." ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಅಲ್ಲಿಯೇ ಇಳಿಯಿತು. ಕುರಿಮರಿಗಳ ಹಿಂದೆ ಬೀದಿಯುದ್ದಕ್ಕೂ ಓಡಿದೆ.

ಮಚ್ಚೆ ಹೋಗಲಿಲ್ಲ. ಈಗ ಎರಡೂ ಕೈಗಳಿಗೆ ಹಬ್ಬಿದೆ. ಬಸ್ಸಿನಲ್ಲಿ ಕಂಬಿ ಹಿಡಿದರೆ ಜನ ನೋಡುತ್ತಾರೆ, ನೋಡಲಿ.

ಕಡಲೆಕಾಯಿ ಸುಡುವ ವಾಸನೆ ಬಂದ ಆ ದಿನ ನಾನು ಬಸ್ಸಿಳಿದದ್ದು ಹನುಮತ್ತೆಯ ತಿಥಿಗೆ. ತುಂಬು ವಯಸ್ಸಿನಲ್ಲಿ, ನಿದ್ದೆಯಲ್ಲೇ ಹೋಗಿದ್ದಳು. ಹಳೆಯ ಮನೆಯ ಜಾಗದಲ್ಲಿ ತಮ್ಮ ಕಟ್ಟಿಸಿದ ಹೊಸ ಮನೆಯ ಅಡುಗೆಕೋಣೆಗೆ ಹೋಗಿ, ಯಾರನ್ನೂ ದೂರದೆ, ಮನಸ್ಸು ತಣಿಯುವಷ್ಟು ಅತ್ತುಬಿಟ್ಟೆ. ಅಳು ತಾನಾಗಿ ನಿಂತಾಗ ಹಸಿವಾಗಿತ್ತು. ಮುದ್ದೆ, ಹುರುಳಿ ಸಾರು ಬಡಿಸಿಕೊಂಡು ಹೊಟ್ಟೆ ತುಂಬ ಉಂಡೆ.